ಬೆಂಕಿಕಡ್ಡಿ ವಾಸನೆಯ ಕೆಂಪು ವೈನ್

"ಏನದು? ಈಗ ಜೇಬಿಗೆ ಹಾಕ್ಕೊಂಡ್ರಲ್ಲ, ಏನದು?"

ಆಫೀಸಿನ ಒಳಕೋಣೆಗೆ ಕಾಲಿಟ್ಟ ಶರ್ವಾಣಿ ಇದನ್ನು ಕೇಳಿದ್ದು ಇಂಗ್ಲಿಷಿನಲ್ಲಿ. ಬೆಚ್ಚಿಬಿದ್ದು ತಿರುಗಿದ ಆ ಮನುಷ್ಯನ ಬಾಯಿಂದ ಹೊರಟಿದ್ದು ಮಾತ್ರ ಅಚ್ಚ ಕನ್ನಡ.

"ಅಯ್ಯೋ ರಾಯರೇ!"

ಅವನ ಕೈಯಲ್ಲಿದ್ದ ಗ್ಲಾಸಿನಿಂದ ಕೆಂಪು ವೈನ್ ತುಳುಕಿ ಅಂಗಿಯ ತೋಳಿಗೆ ಬಿತ್ತು. ಎತ್ತರದ ಆಳು, ಗುಂಗುರು ಕೂದಲು, ಕನ್ನಡಕದ ಹಿಂದೆ ಗಾಬರಿಯ ಕಣ್ಣು. ಇನ್ನೊಂದು ಕೈ ಕೋಟಿನ ಜೇಬಿನೊಳಗೇ ಇತ್ತು. ಕೆಂಪಗಿನ ಉದ್ದ ಹಿಡಿಯೊಂದು ಅದರೊಳಗೆ ಜಾರಿದ್ದನ್ನಷ್ಟೇ ಅವಳು ಕಂಡಿದ್ದಳು.

"ಓ... ಕನ್ನಡದೋರಾ ನೀವು?"

ಸಿಯಾಟಲ್ ಸುತ್ತಮುತ್ತ ಕನ್ನಡದವರಿಗೆ ಕನ್ನಡದವರು ಸಿಕ್ಕರೆ ಏನಾಗುತ್ತದೆ ಹೇಳಿ? ಮುಖ ಅರಳುತ್ತದೆ. ಯಾವೂರು, ಯಾವ ಕಂಪನಿ, ಮನೆ ಎಲ್ಲಿ, ಸಾರಿನ ಪುಡಿ ಊರಿಂದ ತರಿಸ್ತೀರಾ... ಹೀಗೆ ಮಾತು ಬೆಳೆಯುತ್ತದೆ. ಈ ಮಹಾರಾಯನ ಮುಖ ಮಾತ್ರ ಇದ್ದಕ್ಕಿದ್ದಂತೆ ಬಿಳಿಚಿಕೊಂಡಿತು!

"ನೀವೂ... ಕನ್ನಡದೋರಾ?"

"ಹೌದು. ಯಾಕೆ, ಆಗ್ಬಾರ್ದಿತ್ತಾ?"

"ಛೆ ಛೆ, ಹಾಗಲ್ಲ... ತುಂಬಾ ಸಂತೋಷ."

ಸಂತೋಷವಂತೆ! ಸಂತೋಷವಾದವನು ಹೀಗೆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾನೆಯೇ?

"ಜೇಬಲ್ಲಿ ಏನಿದೆ ಅಂತ ಕೇಳ್ದೆ."

"ಪೆನ್ನು."

"ಪೆನ್ನಲ್ಲಿ ವೈನ್ ಕಲಕ್ತಾರಾ?"

ಅವನು ಗ್ಲಾಸನ್ನು ಅಲ್ಲೇ ಕಟ್ಟೆಯ ಮೇಲಿಟ್ಟು, "ಸೋನಿಯಾ ಮೇಡಂ ಕಾಯ್ತಿದಾರೆ" ಎಂದು ಗೊಣಗಿ ಹೊರಗೆ ನಡೆದೇಬಿಟ್ಟ.

ಶರ್ವಾಣಿ ಸುಮ್ಮನಿರುವವಳೇ? ಗ್ಲಾಸನ್ನೆತ್ತಿ ಮೂಗಿನ ಹತ್ತಿರ ಹಿಡಿದಳು. ಕಾಡುಹಣ್ಣು, ಕರಿಮೆಣಸು, ಮಳೆ ಬಿದ್ದ ಕಲ್ಲಿನ ವಾಸನೆ. ಏನೂ ದೋಷವಿಲ್ಲ, ಘಮಘಮ. ದೋಷವಿಲ್ಲದ ವೈನನ್ನು ಕದ್ದುಮುಚ್ಚಿ ಕಲಕುವುದು ಯಾಕೆ?

ಈ ಹುಡುಗಿಯ ವಿಷಯ ಒಂದಿಷ್ಟು ಹೇಳಿಬಿಡುತ್ತೇನೆ. ಶರ್ವಾಣಿಗೆ ಅನುಮಾನ ಎನ್ನುವುದು ಹುಟ್ಟುಗುಣ. ಮೈಸೂರಿನ ಮನೆಯಲ್ಲಿ ಹಾಲಿಗೆ ನೀರು ಬಿದ್ದಿದ್ದು ಅವಳ ಅಮ್ಮನಿಗಿಂತ ಮೊದಲು ಅವಳ ಮೂಗಿಗೆ ಗೊತ್ತಾಗುತ್ತಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯನ್ನು ಅವಳಿಗೋಸ್ಕರವೇ ಮಾಡಿದ್ದಾರೆ ಎಂದು ಅಪ್ಪ ಗೇಲಿ ಮಾಡುತ್ತಿದ್ದರು. ಅಮೆರಿಕಕ್ಕೆ ಬಂದು ಆಹಾರ ರಸಾಯನಶಾಸ್ತ್ರ ಓದಿದಳು. ಈಗ ಟಕ್ವಿಲಾದ ಗೋದಾಮುಗಳ ನಡುವೆ ಇರುವ ಸೋನಿಯಾಳ ವೈನ್ ಆಮದು ಕಂಪನಿಯಲ್ಲಿ ಅವಳದು ಮೂಗಿನ ಕೆಲಸ. ಮೂಸಬೇಕು, ಬಾಯಲ್ಲಿ ತಿರುಗಿಸಬೇಕು, ಬಕೆಟ್ಟಿಗೆ ಉಗುಳಬೇಕು, ಯಾವುದು ಅಸಲಿ ಯಾವುದು ಕಲಬೆರಕೆ ಎಂದು ಹೇಳಬೇಕು. ಒಂದು ಗುಟುಕೂ ಗಂಟಲಿಗಿಳಿಸುವುದಿಲ್ಲ.

ಇನ್ನೊಂದು ವಿಷಯ. ಅವಳು ಇರುವುದು ಮಿಲ್ ಕ್ರೀಕ್‌ನಲ್ಲಿ, ಸೋದರತ್ತೆ ವಸಂತಲಕ್ಷ್ಮಿಯವರ ಮನೆಯಲ್ಲಿ. ಏಕಾದಶಿಗೆ ಹನಿ ನೀರೂ ಮುಟ್ಟದ ಆ ಅತ್ತೆಗೆ, ಸೊಸೆ ಜ್ಯೂಸ್ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ ಎಂದೇ ಗೊತ್ತು. ಊರೆಲ್ಲರ ಮೇಲೆ ಅನುಮಾನಪಡುವ ಹುಡುಗಿಯ ಕಥೆ ಇದು, ಸ್ವಾಮಿ!

* * *

"ಇವ ತ್ರಿವಿಕ್ರಮ. ಜ್ವಾಲಾಮುಖಿ ಮಣ್ಣಿನ ಮೇಲೆ ಪಿಎಚ್‌ಡಿ ಮಾಡ್ಲಿಕ್ಕೆ ಯೂನಿವರ್ಸಿಟಿಗೆ ಬಂದವ, ಈಗ ಮಣ್ಣು ಬಿಟ್ಟು ವೈನ್ ಹಿಡ್ಕೊಂಡಿದ್ದಾನೆ!" ಎಂದು ಸೋನಿಯಾ ನಕ್ಕಳು. ಸೋನಿಯಾ ಮಂಗಳೂರಿನವಳು, ಶರ್ವಾಣಿಯ ಬಾಸ್. "ಇವಳ ಮೂಗು ಹೂಂ ಅಂದ್ರೆ ನಾನೂ ಹೂಂ. ಇವಳು ಊಹೂಂ ಅಂದ್ರೆ ನೀನು ಗಂಟುಮೂಟೆ ಕಟ್ಟು, ಆಯ್ತಾ?"

ತ್ರಿವಿಕ್ರಮ ಬಾಟಲಿ ತೆರೆದ. ಮಾತು ಶುರುವಾದ ಮೇಲೆ ನಿಲ್ಲಲಿಲ್ಲ.

"ಆಫ್ರಿಕಾ ಪಕ್ಕದ ಸಮುದ್ರದಲ್ಲಿ ಸ್ಪೇನ್‌ಗೆ ಸೇರಿದ ದ್ವೀಪ ಇದೆ. ಅಲ್ಲಿ ನೆಲವೇ ಕಾಣಲ್ಲ, ಬರೀ ಕರಿ ಬೂದಿ. ಯಾವ ಕಾಲದಲ್ಲೋ ಬೆಟ್ಟ ಉಗುಳಿದ್ದು. ಆ ಬೂದೀಲಿ ಒಂದೊಂದು ಬಳ್ಳಿಗೂ ಒಂದೊಂದು ಗುಂಡಿ ತೋಡ್ತಾರೆ, ಕೆಳಗಿನ ಮಣ್ಣು ಸಿಗೋವರೆಗೂ. ಗಾಳಿಗೆ ಅಡ್ಡವಾಗಿ ಅರ್ಧಚಂದ್ರದ ಹಾಗೆ ಕಲ್ಲು ಜೋಡಿಸ್ತಾರೆ. ಮಳೆ ಇಲ್ಲವೇ ಇಲ್ಲ ಅನ್ನಿ. ರಾತ್ರಿ ಬಿದ್ದ ಇಬ್ಬನೀನ ಬೂದಿ ಹೀರ್ಕೊಂಡು ಬಳ್ಳಿಗೆ ಕೊಡುತ್ತೆ. ಯಂತ್ರ ಇಳಿಯಲ್ಲ, ಎಲ್ಲಾ ಕೈಯಲ್ಲೇ ಆಗ್ಬೇಕು. ಮಾಡೋರೆಲ್ಲ ವಯಸ್ಸಾದೋರು. ಕೊಳ್ಳೋರು ಸಿಗದೆ ಗುಂಡಿಗಳನ್ನ ಹಾಗೇ ಬಿಟ್ಟು ಹೋಗ್ತಿದಾರೆ. ಒಂದು ಸಲ ಬಿಟ್ರೆ ಗಾಳಿ ಬೂದಿ ತಂದು ಮುಚ್ಚಿಬಿಡುತ್ತೆ..."

ಅವನ ಕಣ್ಣು ತುಂಬಿತ್ತು. ಶರ್ವಾಣಿ ಅವನನ್ನೇ ನೋಡುತ್ತಿದ್ದಳು. ಎಷ್ಟು ಚೆನ್ನಾಗಿ ಮಾತಾಡುತ್ತಾನೆ! ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ, ಎಂದು ತನಗೆ ತಾನೇ ಹೇಳಿಕೊಂಡಳು.

"ಮೊದಲೇ ಹೇಳಿಬಿಡ್ತೀನಿ," ಅವನು ಅವಳ ಮುಂದೆ ಗ್ಲಾಸಿಟ್ಟ. "ಮೂಸಿದ ತಕ್ಷಣ ಬೆಂಕಿಕಡ್ಡಿ ಗೀರಿದ ವಾಸನೆ ಬರುತ್ತೆ. ಆ ಮಣ್ಣಿನ ಬಡತನದ ಗುಣ ಅದು. ಗಾಳಿ ಆಡೋಕೆ ಬಿಟ್ರೆ ಹೋಗುತ್ತೆ."

ಮೂಸಿದಳು. ಹೌದು, ಬೆಂಕಿಕಡ್ಡಿ! ಗಂಧಕದ ವಾಸನೆ ನೇರವಾಗಿ ನೆತ್ತಿಗೇರಿತು.

ಹಾಗಾದರೆ ಒಳಕೋಣೆಯ ಗ್ಲಾಸಿನಲ್ಲಿ ಆ ವಾಸನೆ ಯಾಕಿರಲಿಲ್ಲ? ಅದೂ ಇದೇ ವೈನ್ ತಾನೇ? ಇವನು ಏನೋ ಬೆರೆಸುತ್ತಾನೆ. ನಾನು ಒಳಗೆ ಬಂದೆನೆಂದು ಉಳಿದ ಗ್ಲಾಸಿಗೆ ಬೆರೆಸಲಾಗಲಿಲ್ಲ, ಅದಕ್ಕೇ ಈಗ ಈ ಬೂದಿಯ ಪುರಾಣ!

"ಹೇಗಿದೆ?" ಅವನು ಉಸಿರು ಬಿಗಿಹಿಡಿದು ಕೇಳಿದ.

ಅವಳು ಬಕೆಟ್ಟಿಗೆ ಉಗುಳಿ ಬಾಯೊರೆಸಿಕೊಂಡಳು. "ಇನ್ನೂ ನೋಡ್ಬೇಕು. ತುಂಬಾ ನೋಡ್ಬೇಕು."

"ಸೀಲ್ ಒಡೆಯದ ಬಾಟಲಿಗಳನ್ನ ಬಿಟ್ಟು ಹೋಗ್ತೀನಿ. ನೀವೇ ಓಪನ್ ಮಾಡಿ ನೋಡಿ."

ಓಹೋ, ಎಷ್ಟು ಜಾಣ! ಎಂದುಕೊಂಡಳು ಶರ್ವಾಣಿ.

* * *

ತಿಂಗಳ ಕೊನೆಗೆ ಸೋನಿಯಾ ರೆಸ್ಟೋರೆಂಟಿನವರನ್ನೆಲ್ಲ ಕರೆದು ದೊಡ್ಡದೊಂದು ಟೇಸ್ಟಿಂಗ್ ಮಾಡುವವಳಿದ್ದಳು. ಅಲ್ಲಿ ತ್ರಿವಿಕ್ರಮನ ವೈನ್ ಇದ್ದರೆ ಅವನ ದ್ವೀಪದವರು ಈ ವರ್ಷ ಗುಂಡಿ ಬಿಟ್ಟು ಹೋಗುವುದಿಲ್ಲ. ಇಲ್ಲದಿದ್ದರೆ ಅವನ ಅಂಗಡಿ ಬಂದ್. ಇದಕ್ಕಾಗಿ ಅವನು ಓದನ್ನೇ ಅರ್ಧಕ್ಕೆ ಬಿಟ್ಟಿದ್ದ.

ಹೀಗಾಗಿ ಅವನು ಟಕ್ವಿಲಾಕ್ಕೆ ಮತ್ತೆ ಮತ್ತೆ ಬರುತ್ತಿದ್ದ. ಬಂದಾಗಲೆಲ್ಲ ಶರ್ವಾಣಿಯ ಕಣ್ಣು ಅವನ ಜೇಬಿನ ಮೇಲೆ. ಅವನ ಕಣ್ಣು ಎಲ್ಲಿರುತ್ತಿತ್ತು ಎಂದು ನಾನು ಬೇರೆ ಹೇಳಬೇಕೆ?

ಒಂದು ದಿನ ಅವನು ಎರಡು ಸ್ಟೀಲ್ ಲೋಟ ತಂದು, ಹೋಟೆಲಿನವರು ಕಾಫಿ ಆರಿಸುವ ಹಾಗೆ ಮೇಲಿಂದ ಕೆಳಗೆ ವೈನ್ ಎತ್ತಿ ಸುರಿಯತೊಡಗಿದ. ಶರ್ವಾಣಿಗೆ ನಗು ತಡೆಯಲಾಗಲಿಲ್ಲ.

"ಇದೇನ್ರೀ ಇದು, ದರ್ಶಿನೀಲಿ ಕೆಲಸ ಮಾಡ್ತಿದ್ರಾ?"

"ಗಾಳಿ ಆಡ್ಲಿ ಅಂತ. ಈಗ ಮೂಸಿ."

ಬೆಂಕಿಕಡ್ಡಿ ವಾಸನೆ ಅರ್ಧಕ್ಕರ್ಧ ಇಳಿದಿತ್ತು. ಅವಳು ನಗುತ್ತಲೇ ತಲೆಯಾಡಿಸಿದಳು. ಆ ನಗು ನೋಡಿ ಅವನ ಕೈ ತಪ್ಪಿ ವೈನ್ ಮೇಜಿನ ಮೇಲೆಲ್ಲ ಹರಿಯಿತು.

ಎಷ್ಟು ಒಳ್ಳೆಯವನ ಹಾಗೆ ಕಾಣ್ತಾನೆ... ಅವಳ ಮನಸ್ಸು ಒಂದು ಕ್ಷಣ ಮೆತ್ತಗಾಯಿತು.

ಆಗಲೇ ಅವನಿಗೆ ಫೋನ್ ಬಂತು. ಅವನು ಮೂಲೆಗೆ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿದ. "ಶನಿವಾರ ಬರ್ತೀನಿ... ಹೂಂ, ಸಾಮಾನೆಲ್ಲ ನಾನೇ ತರ್ತೀನಿ... ಯಾರಿಗೂ ಹೇಳ್ಬೇಡಿ, ನಾನು ಈ ಕೆಲಸಾನೂ ಮಾಡ್ತೀನಿ ಅಂತ."

ಯಾವ ಕೆಲಸ? ಯಾವ ಸಾಮಾನು?

ಪಾರ್ಕಿಂಗ್ ಲಾಟಿನವರೆಗೂ ಅವನ ಹಿಂದೆಯೇ ಹೋದಳು. ಕಾರಿನ ಹಿಂದಿನ ಸೀಟಿನಲ್ಲಿ ಬಟ್ಟೆಯ ಚೀಲವೊಂದಿತ್ತು. ಅದರ ಬಾಯಿಂದ ಕೆಂಪಗೆ ಲೋಹವೊಂದು ಹೊಳೆಯಿತು. ಅವಳು ಬಗ್ಗಿ ನೋಡುವಷ್ಟರಲ್ಲಿ ತ್ರಿವಿಕ್ರಮ ತನ್ನ ಜಾಕೆಟ್ ಬಿಚ್ಚಿ ಚೀಲದ ಮೇಲೆ ಹಾಕಿದ.

"ಏನದು?"

"ಹಳೇ ಪಾತ್ರೆ." ಅವನ ಕಿವಿ ಕೆಂಪಾಗಿತ್ತು. "ನಿಮ್ಮನ್ನ ಒಂದು ಮಾತು ಕೇಳ್ಲಾ? ಈ ಕೆಲಸ ಮಾಡ್ತಿರೋದು ನಿಮ್ಮ ಮನೇಲಿ ಗೊತ್ತಾ?"

ಶರ್ವಾಣಿ ತಟ್ಟನೆ ಎರಡು ಹೆಜ್ಜೆ ಹಿಂದೆ ಸರಿದಳು. "ಯಾಕೆ? ನಾನೇನು ಕಳ್ಳತನ ಮಾಡ್ತಿದೀನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಳಂತೆ!

* * *

ಶನಿವಾರ ವಸಂತಲಕ್ಷ್ಮಿಯವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಸಜ್ಜಿಗೆಯ ತುಪ್ಪದ ವಾಸನೆ ಬೀದಿಯವರೆಗೂ ಹರಡಿತ್ತು. ಯಾವಾಗಲೂ ಬರುವ ಭಟ್ಟರಿಗೆ ಬಿಡುವಿಲ್ಲ. ಅತ್ತೆಯ ಗೆಳತಿ ರಾಜೇಶ್ವರಿ ಯಾರನ್ನೋ ಗೊತ್ತು ಮಾಡಿದ್ದರು.

"ಚಿಕ್ಕ ವಯಸ್ಸಂತೆ, ಸ್ವರ ಬಿಡದೆ ಮಂತ್ರ ಹೇಳ್ತಾನಂತೆ," ಅತ್ತೆ ಸಂಭ್ರಮದಿಂದ ಹೇಳಿದರು. "ಹೋಗು, ಬಾಗಿಲು ತೆಗಿ, ಬಂದ್ರು ಅನ್ಸುತ್ತೆ."

ಶರ್ವಾಣಿ ಬಾಗಿಲು ತೆಗೆದಳು.

ಕಚ್ಚೆಪಂಚೆ, ಶಲ್ಯ, ಹಣೆಯಲ್ಲಿ ಅಂಗಾರ-ಅಕ್ಷತೆ, ಕೈಯಲ್ಲಿ ಬಟ್ಟೆಯ ಚೀಲ... ತ್ರಿವಿಕ್ರಮ!

ಇಬ್ಬರೂ ಕಲ್ಲಾಗಿ ನಿಂತರು.

"ಬನ್ನಿ ಬನ್ನಿ," ಎನ್ನುತ್ತಾ ಅತ್ತೆ ಬಂದರು. "ಇವಳು ನನ್ನ ಅಣ್ಣನ ಮಗಳು ಶರ್ವಾಣಿ. ಜ್ಯೂಸ್ ಕಂಪನೀಲಿ ಕೆಲಸ."

ತ್ರಿವಿಕ್ರಮ ಅವಳನ್ನು ನೋಡಿದ. ಅವಳ ಕಣ್ಣಿನಲ್ಲಿ ದಮ್ಮಯ್ಯ ಎನ್ನುವ ಬೇಡಿಕೆ.

"ಜ್ಯೂಸಾ? ಒಳ್ಳೇದು," ಎಂದ ಅವನು ಗಂಭೀರವಾಗಿ. "ಹಣ್ಣಿನ ಕೆಲಸ ಪುಣ್ಯದ ಕೆಲಸ."

ಅಬ್ಬಾ! ಅವಳಿಗೆ ಹೋದ ಜೀವ ಬಂದಂತಾಯಿತು. ಅವನು ಮಂತ್ರ ಶುರುಮಾಡಿದಾಗ ಆ ದನಿಗೆ ಅವಳ ಮೈ ಜುಮ್ಮೆಂದಿತು. ಇವನ ಮೇಲೆ ಸುಮ್ಮನೆ ಅನುಮಾನಪಟ್ಟೆನಲ್ಲ, ಪಾಪಿ ನಾನು!

ಪೂಜೆ ಮುಗಿಯಿತು. ತೀರ್ಥಕ್ಕೆ ಎಲ್ಲರೂ ಸಾಲಾಗಿ ನಿಂತರು. ಶರ್ವಾಣಿ ಕೈ ಚಾಚಿದಳು. ಅವನು ಪಂಚಪಾತ್ರೆಯಿಂದ ಉದ್ಧರಣೆಯನ್ನು ಎತ್ತಿದ. ಉದ್ದನೆಯ ಹಿಡಿ, ಪುಟ್ಟ ಬಾಯಿ, ಕೆಂಪಗೆ ಹೊಳೆಯುವ ತಾಮ್ರದ ಚಮಚ.

ಅವಳು ಚಾಚಿದ ಕೈಯನ್ನು ಅರ್ಧಕ್ಕೆ ಹಿಂದೆಳೆದುಕೊಂಡಳು.

ಅದೇ! ಅವತ್ತು ವೈನ್ ಕಲಕಿ ಜೇಬಿಗೆ ಸೇರಿಸಿದ್ದು ಇದನ್ನೇ!

ರಸಾಯನಶಾಸ್ತ್ರ ಓದಿದ ತಲೆ ತಾನೇತಾನಾಗಿ ಓಡಿತು. ತಾಮ್ರ ಗಂಧಕವನ್ನು ಹಿಡಿದುಕೊಳ್ಳುತ್ತದೆ. ತಾಮ್ರದಲ್ಲಿ ಕಲಕಿದರೆ ಬೆಂಕಿಕಡ್ಡಿ ವಾಸನೆ ಮಾಯ! ಟೇಸ್ಟಿಂಗ್ ದಿನ ಹೀಗೆ ಕಲಕಿ ಘಮಘಮ ವೈನ್ ಕೊಟ್ಟು, ಆಮೇಲೆ ನಾರುವ ಬಾಟಲಿಗಳನ್ನು ಮಾರುವ ಹುನ್ನಾರ. ಅದೂ ದೇವರ ಉದ್ಧರಣೆಯಲ್ಲಿ!

"ತೀರ್ಥ ತಗೊಳಿ," ಎಂದ ಅವನು ಮೆಲ್ಲಗೆ. ಅವಳ ನೋಟ ಎಲ್ಲಿ ನೆಟ್ಟಿದೆ ಎಂದು ಗೊತ್ತಾಗಿ ಅವನು ಉದ್ಧರಣೆಯ ಹಿಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

ಅಷ್ಟೇ ಸಾಕಾಯಿತು ಅವಳಿಗೆ.

* * *

"ಉದ್ಧರಣೆ ಅಂದ್ರೆ ಎಂತ ಮಾರಾಯ್ತಿ?" ಸೋಮವಾರ ಸೋನಿಯಾ ಕೇಳಿದಳು.

ಶರ್ವಾಣಿ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಯಾಕೋ ಪುಣ್ಯದ ಕೆಲಸ ಎಂದ ಆ ದನಿ ನೆನಪಾಯಿತು. ಆದರೂ ಹೇಳಿದಳು. ಮೋಸ ಎಂದರೆ ಮೋಸವೇ ತಾನೇ?

ಸೋನಿಯಾಳ ಮುಖ ಗಂಟಿಕ್ಕಿತು. "ಒಳ್ಳೆಯವ ಅಂತ ಮಾಡಿದ್ದೆ ನಾನು. ಆಯ್ತು, ಅವನ ಹೆಸರು ತೆಗೀತೇನೆ. ಅವನ ವೈನ್ ಕೇಳಿದವರಿಗೂ ಹೇಳಿಬಿಡ್ತೇನೆ, ಬೇಡ ಅಂತ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತು ಸಂಜೆಯೊಳಗೆ ಎಲ್ಲೆಲ್ಲಿ ಹೋಗಿ ಮುಟ್ಟಿತೆಂದು ಶರ್ವಾಣಿಗೆ ಆಗ ಗೊತ್ತಿರಲಿಲ್ಲ.

ತ್ರಿವಿಕ್ರಮ ಮರುದಿನವೇ ಬಂದ. ಕೂಗಾಡಲಿಲ್ಲ. ಅವಳ ಮೇಜಿನ ಮುಂದೆ ಬಂದು ನಿಂತ, ಅಷ್ಟೆ.

"ನೀವೇ ಹೇಳಿದ್ದಾ?"

"ಹೌದು. ತಾಮ್ರ ಹಾಕಿ ವಾಸನೆ ತೆಗೆದು ಸ್ಯಾಂಪಲ್ ಕೊಡೋದು ಮೋಸ ಅಲ್ವಾ?"

"ಯಾವ ಸ್ಯಾಂಪಲ್?"

"ಅಂದ್ರೆ?"

"ನಾನು ನಿಮಗೆ ಕೊಟ್ಟ ಯಾವ ಗ್ಲಾಸಲ್ಲಿ ಆ ವಾಸನೆ ಇರ್ಲಿಲ್ಲ ಹೇಳಿ. ವಾಸನೆ ಬರುತ್ತೆ ಅಂತ ನಾನೇ ಮೊದಲು ಹೇಳ್ದೆ. ಸೀಲ್ ಒಡೆಯದ ಬಾಟಲಿ ಕೊಟ್ಟು ನೀವೇ ನೋಡಿ ಅಂದೆ. ವಾಸನೆ ಮುಚ್ಚಿಡೋನು ಹೀಗೆಲ್ಲ ಮಾಡ್ತಾನಾ, ಶರ್ವಾಣಿಯವರೇ?"

ಅವಳು ಅವನು ಬಿಟ್ಟುಹೋಗಿದ್ದ ಬಾಟಲಿಗಳತ್ತ ನೋಡಿದಳು.

"ಹಾಗಾದ್ರೆ... ಅವತ್ತು ಕಲಕಿದ್ದು?"

"ನನ್ನ ಗ್ಲಾಸು. ಹಡಗಲ್ಲಿ ಬಂದ ಮಾಲು, ಕೆಟ್ಟಿದ್ಯೋ ಇಲ್ವೋ ಅಂತ ಮೊದಲು ನಾನು ನೋಡ್ಕೋತೀನಿ. ತಾಮ್ರ ಹಾಕಿದಾಗ ವಾಸನೆ ಹೋದ್ರೆ ಬರೀ ಗಂಧಕ, ಗಾಳಿಗೆ ತಾನೇ ಹೋಗುತ್ತೆ. ಹೋಗ್ಲಿಲ್ಲ ಅಂದ್ರೆ ವೈನೇ ಕೆಟ್ಟಿದೆ ಅಂತ ಅರ್ಥ. ಆಗ ನಾನೇ ಚೆಲ್ಲಿಬಿಡ್ತೀನಿ. ದ್ವೀಪದಲ್ಲಿ ಎಲ್ಲರೂ ಹೀಗೇ ನೋಡೋದು. ನಿಮಗೂ ಗೊತ್ತಿರೋ ಪರೀಕ್ಷೆ ಇದು."

ಗೊತ್ತಿತ್ತು. ಕಾಲೇಜಿನಲ್ಲಿ ಅವಳೇ ಎಷ್ಟೋ ಸಲ ಮಾಡಿದ್ದಳು. ಅನುಮಾನದ ಹೊಗೆ ತುಂಬಿದ ತಲೆಗೆ ಅದು ಹೊಳೆಯಲೇ ಇಲ್ಲ!

"ಮತ್ತೆ ಯಾಕೆ ಬಚ್ಚಿಟ್ರಿ? ಯಾಕೆ ಅಷ್ಟು ಹೆದರಿದ್ರಿ?"

"ನೀವು ಕನ್ನಡದೋರು ಅಂತ ಹೆದರ್ದೆ!" ಅವನ ದನಿ ಮೊದಲ ಬಾರಿಗೆ ಏರಿತು. "ಸ್ಪೇನ್‌ನೋರು ನೋಡಿದ್ರೆ ಚಮಚ ಅಂತಾರೆ. ನಮ್ಮೋರು ನೋಡಿದ್ರೆ ಏನಂತಾರೆ? ವಾರವೆಲ್ಲ ವೈನ್ ಮಾರ್ತಾನೆ, ಶನಿವಾರ ಬಂದು ನಮಗೆ ತೀರ್ಥ ಕೊಡ್ತಾನೆ ಅಂತಾರೆ. ಪೂಜೆದು ಬೇರೆ, ಇದು ಬೇರೆ, ನನ್ನ ಹತ್ರ ಎರಡಿದೆ. ಆದ್ರೆ ಅದನ್ನ ಯಾರಿಗೆ ಅಂತ ಪ್ರಮಾಣ ಮಾಡಿ ತೋರಿಸ್ಲಿ? ಈಗ ಎರಡನ್ನೂ ನಿಮ್ಮ ಮುಂದಿಟ್ರೂ, ಒಂದನ್ನ ನಿನ್ನೆ ತಂದ ಅಂತೀರಿ."

ಅವಳು ತಲೆ ತಗ್ಗಿಸಿದಳು. ಹಾಗೆಯೇ ಅಂದುಕೊಳ್ಳುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು.

"ನಿಮ್ಮನ್ನ ನೋಡೋಕೆ ಅಂತಾನೇ ಎಷ್ಟೋ ಸಲ ಇಲ್ಲಿಗೆ ಬಂದೆ," ಎಂದ ಅವನು ಬಾಗಿಲ ಬಳಿ ನಿಂತು. "ನೀವು ನನ್ನ ಜೇಬನ್ನ ಮಾತ್ರ ನೋಡ್ತಿದ್ರಿ."

ಹೊರಟುಹೋದ.

ಶರ್ವಾಣಿ ಅವನು ಬಿಟ್ಟುಹೋಗಿದ್ದ ಬಾಟಲಿಗಳ ಮುಂದೆ ಕುಳಿತು ಅತ್ತಳು. ಹಾಲಿನಲ್ಲಿ ನೀರು ಕಂಡುಹಿಡಿದವಳು, ಜೇನಿನಲ್ಲಿ ಬೆಲ್ಲ ಕಂಡುಹಿಡಿದವಳು, ಚಿನ್ನದಂಥ ಮನುಷ್ಯನನ್ನು ಕಂಡುಹಿಡಿಯಲಾರದೆ ಹೋದಳು. ಅವನಿಲ್ಲದ ಟಕ್ವಿಲಾ ಅವಳಿಗೆ ಬೇಡವಾಗಿತ್ತು. ಪ್ರೀತಿ ಎಂದರೆ ಇದೇನಾ? ಇಷ್ಟು ತಡವಾಗಿಯಾ?

* * *

ಕಣ್ಣೊರೆಸಿಕೊಂಡು ನೇರವಾಗಿ ಸೋನಿಯಾಳ ಹತ್ತಿರ ಹೋದಳು.

"ತಪ್ಪು ನಂದು. ಆತ ಮೋಸ ಮಾಡಿಲ್ಲ."

ಸೋನಿಯಾ ತಲೆಗೆ ಕೈಹೊತ್ತಳು. "ಎಂತ ಮಾರಾಯ್ತಿ ನೀನು! ನಾನು ಎಲ್ಲರಿಗೂ ಹೇಳಿ ಆಯ್ತು. ರಾಜೇಶ್ವರಿಯ ಗಂಡನ ರೆಸ್ಟೋರೆಂಟಿಗೂ ಹೇಳಿದೆ."

"ಯಾರ್ಯಾರಿಗೆ ಹೇಳಿದ್ರೋ ಅವರಿಗೆಲ್ಲ ನಾನೇ ಕಾಲ್ ಮಾಡ್ತೀನಿ. ನನ್ನ ಹೆಸರು ಹೇಳೇ ಮಾಡ್ತೀನಿ."

"ನಿನ್ನ ಮೂಗಿನ ಮಾತನ್ನು ಆಮೇಲೆ ಯಾರು ಕೇಳ್ತಾರೆ?"

"ಕೇಳ್ದೇ ಇದ್ರೂ ಪರವಾಗಿಲ್ಲ."

ಸೋನಿಯಾ ಫೋನನ್ನು ಅವಳ ಕಡೆ ತಳ್ಳಿದಳು.

ಒಬ್ಬೊಬ್ಬರಿಗೂ ಮಾಡಿದಳು. ನಾನು ತಪ್ಪು ಹೇಳಿದೆ, ಆ ವೈನಿನಲ್ಲಿ ದೋಷವಿಲ್ಲ, ಆ ಮನುಷ್ಯನಲ್ಲೂ ಇಲ್ಲ. ಕೆಲವರು ನಕ್ಕರು, ಒಬ್ಬ ಬೈದ. ಹೇಳಿ ಮುಗಿಸಿ ಮಿಲ್ ಕ್ರೀಕ್‌ಗೆ ಡ್ರೈವ್ ಮಾಡಿದಳು. ಆದರೆ ನಿಜವಾದ ಬೆಂಕಿ ಹೊತ್ತಿಕೊಂಡಿದ್ದು ಅಲ್ಲಿ.

ಅತ್ತೆ ಅಡುಗೆಮನೆಯಲ್ಲಿ ಫೋನ್ ಹಿಡಿದು ನಿಂತಿದ್ದರು. "...ಹೌದಾ ರಾಜೇಶ್ವರಿ? ಉದ್ಧರಣೇಲಿ ವೈನ್ ಕಲಕ್ತಾನಾ? ರಾಮ ರಾಮ! ಅದೇ ಕೈಯಲ್ಲಿ ನನಗೆ ತೀರ್ಥ ಕೊಟ್ನಲ್ಲೇ! ಇನ್ಮೇಲೆ ಯಾರ ಮನೇಗೂ ಕರೀಬಾರ್ದು. ನಾನೇ ಎಲ್ಲರಿಗೂ ಹೇಳ್ತೀನಿ."

"ಅತ್ತೆ, ಹೇಳ್ಬೇಡಿ!"

"ನಿನಗೇನು ಗೊತ್ತು ಸುಮ್ನಿರೇ."

"ನನಗೆ ಗೊತ್ತು. ಹೇಳಿದ್ದೇ ನಾನು." ಶರ್ವಾಣಿ ಅತ್ತೆಯ ಎದುರಿಗೆ ಬಂದು ನಿಂತಳು. "ನಾನು ಕೆಲಸ ಮಾಡೋದು ಜ್ಯೂಸ್ ಕಂಪನೀಲಿ ಅಲ್ಲ ಅತ್ತೆ. ವೈನ್ ಕಂಪನೀಲಿ. ಮೂಸಿ, ಬಾಯಿಗೆ ಹಾಕ್ಕೊಂಡು, ಉಗುಳೋದು. ಅಲ್ಲಿ ಅವರ ಮೇಲೆ ಸುಳ್ಳು ಅಪವಾದ ಹೊರಿಸಿದ್ದು ನಾನೇ."

ಅತ್ತೆ ಫೋನನ್ನು ನಿಧಾನವಾಗಿ ಕಟ್ಟೆಯ ಮೇಲಿಟ್ಟರು. ಒಲೆಯ ಮೇಲಿನ ಸಾರು ಕುದಿದು ಉಕ್ಕಿತು. ಇಬ್ಬರೂ ಅದನ್ನು ನೋಡಲಿಲ್ಲ.

"ಇಷ್ಟು ವರ್ಷ ನನ್ನ ಮನೇಲಿದ್ದು, ನನಗೇ ಸುಳ್ಳು ಹೇಳಿದ್ಯಾ?"

"ಹೂಂ."

"ಆ ಹುಡುಗನಿಗೆ ನಿನ್ನ ಕೆಲಸ ಗೊತ್ತಿತ್ತಾ? ಪೂಜೆ ದಿನ?"

"ಗೊತ್ತಿತ್ತು. ನನ್ನ ಮಾನ ಉಳಿಸಿದ್ರು. ಅವರ ಮಾನ ನಾನು ಕಳೆದೆ."

ಅತ್ತೆ ಕುರ್ಚಿ ಎಳೆದುಕೊಂಡು ಕುಳಿತರು. ಆಮೇಲೆ ಕೇಳಿದರು, "ಅವತ್ತು ನನಗೆ ತೀರ್ಥ ಕೊಟ್ಟ ಉದ್ಧರಣೆ ಯಾವುದು?"

"ಪೂಜೆದೇ. ವೈನ್‌ಗೆ ಇಟ್ಟಿರೋದು ಬೇರೆ."

"ನೀನು ನೋಡಿದ್ಯಾ ಎರಡೂ?"

"ಇಲ್ಲ."

"ಮತ್ತೆ ಹೇಗೆ ಗೊತ್ತು?"

"ಅವರು ಹೇಳಿದ್ರು."

"ಅವನು ಹೇಳಿದ!" ಅತ್ತೆಯ ಹುಬ್ಬು ಮೇಲೇರಿತು. "ದೇವರ ಪ್ರಸಾದಾನೂ ಮೂಸಿ ನೋಡಿ ಬಾಯಿಗೆ ಹಾಕ್ಕೋತಿದ್ದೋಳು ನೀನು. ನಾನು ತಂದ ತುಪ್ಪಾನ ಬಿಸಿಲಿಗೆ ಹಿಡಿದು ನೋಡ್ತೀಯ. ಹೋಗಿ ಪರೀಕ್ಷೆ ಮಾಡ್ಕೊಂಡು ಬಾ, ಎರಡಿದೆಯೋ ಒಂದಿದೆಯೋ ಅಂತ."

"ಬೇಡ ಅತ್ತೆ." ಅವಳ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. "ಈ ಒಂದನ್ನ ನಾನು ಪರೀಕ್ಷೆ ಮಾಡಲ್ಲ. ಅವರು ಹೇಳಿದ್ದೇ ನನಗೆ ಸಾಕು."

ಅತ್ತೆ ಅವಳ ಮುಖವನ್ನೇ ನೋಡಿದರು. ಹೆಣ್ಣಿನ ಕಣ್ಣಿಗೆ ಹೆಣ್ಣಿನ ಮನಸ್ಸು ತಿಳಿಯಲು ಎಷ್ಟು ಹೊತ್ತು ಬೇಕು? ಅವರು ಮತ್ತೆ ಫೋನ್ ಎತ್ತಿಕೊಂಡರು.

"ರಾಜೇಶ್ವರಿ, ಲೈನಲ್ಲೇ ಇದ್ಯಾ? ಆ ಹುಡುಗನ ವಿಷಯ ಇನ್ನೊಬ್ಬರ ಹತ್ರ ಆಡ್ಬೇಡ. ಸುಳ್ಳು ಸುದ್ದಿ ಅದು. ನನಗೆ ಹೇಗೆ ಗೊತ್ತಾ? ನಮ್ಮ ಶರ್ವಾಣಿ ಅಲ್ಲೇ ಕೆಲಸ ಮಾಡೋದು... ಹೌದು ಕಣೇ, ವೈನ್ ಕಂಪನೀಲೇ! ಮುಂದಿನ ತಿಂಗಳು ನಿಮ್ಮನೆ ಪೂಜೆಗೆ ಅವನನ್ನೇ ಕರಿ. ತೀರ್ಥ ಮೊದಲು ನಾನು ತಗೋತೀನಿ."

ಫೋನಿಟ್ಟು ಸೊಸೆಯ ಕಡೆ ತಿರುಗಿದರು. "ನಿನ್ನ ಮೇಲಿನ ಕೋಪ ಹೋಗಿಲ್ಲ. ವೈನ್‌ಗಲ್ಲ, ಸುಳ್ಳಿಗೆ. ಆಮೇಲೆ ಬೈತೀನಿ. ಈಗ ಎದ್ದು ಹೋಗು, ಅವನಿಗೆ ಹೇಳೋದೇನಿದ್ಯೋ ಹೇಳಿ ಬಾ."

* * *

ತ್ರಿವಿಕ್ರಮ ಬಾಡಿಗೆಗೆ ಹಿಡಿದಿದ್ದ ಪುಟ್ಟ ಗೋದಾಮು ಟಕ್ವಿಲಾದಲ್ಲೇ, ಮಾಲ್‌ನ ಹಿಂದಿನ ರಸ್ತೆಯಲ್ಲಿತ್ತು. ಶರ್ವಾಣಿ ಹೋದಾಗ ಅವನು ವೈನಿನ ಪೆಟ್ಟಿಗೆಗಳನ್ನು ವ್ಯಾನಿಗೆ ಏರಿಸುತ್ತಿದ್ದ. ಮೋಡ ಸರಿದು ಸಂಜೆಯ ಬಿಸಿಲು ಬಿದ್ದಿತ್ತು, ದೂರದಲ್ಲಿ ರೇನಿಯರ್ ಬೆಟ್ಟ ಪೂರ್ತಿ ಕಾಣುತ್ತಿತ್ತು.

ಅವಳನ್ನು ಕಂಡು ಅವನು ಕೆಲಸ ನಿಲ್ಲಿಸಲಿಲ್ಲ.

"ಇಳಿಸಿ ಅವನ್ನ," ಎಂದಳು ಅವಳು ಏದುಸಿರು ಬಿಡುತ್ತಾ. "ಟೇಸ್ಟಿಂಗ್‌ಗೆ ನಿಮ್ಮ ವೈನ್ ಇದೆ. ಎಲ್ಲರಿಗೂ ನಾನೇ ಕಾಲ್ ಮಾಡಿ ತಪ್ಪೊಪ್ಕೊಂಡೆ. ಅತ್ತೆಗೂ ಹೇಳ್ದೆ."

ಅವನ ಕೈ ನಿಂತಿತು. "ಅತ್ತೆಗಾ? ಏನಂತ?"

"ಎಲ್ಲಾ. 'ಜ್ಯೂಸ್' ವಿಷಯಾನೂ."

ಅವನು ಪೆಟ್ಟಿಗೆಯನ್ನು ನೆಲಕ್ಕಿಟ್ಟ. ಮುಖದಲ್ಲಿ ಸಂತೋಷ ಕಾಣಲಿಲ್ಲ.

"ಪಾಪ ಅನ್ಸಿ ಮಾಡಿದ್ರಾ?"

"ಅಲ್ಲ."

"ಮತ್ತೆ? ನಿನ್ನೆವರೆಗೂ ಕಳ್ಳ ಆಗಿದ್ದೋನು ಇವತ್ತು ಒಳ್ಳೆಯವನಾದ್ನಾ? ನಾಳೆ ನನಗೊಂದು ಫೋನ್ ಬಂದ್ರೆ, ನಾನು ತಡವಾಗಿ ಬಂದ್ರೆ, ಮತ್ತೆ ಅದೇ ಕಣ್ಣಲ್ಲಿ ನೋಡಲ್ಲ ಅಂತ ನಾನು ಹೇಗೆ ನಂಬ್ಲಿ, ಶರ್ವಾಣಿಯವರೇ?"

ನೋಡಿ, ಅನುಮಾನ ಪಡುವ ಸರದಿ ಈಗ ಅವನದಾಯಿತು! ಯಾರೋ ತನ್ನನ್ನು ನಂಬದೆ ನಿಂತು ನೋಡುವುದು ಎಷ್ಟು ನೋವಿನ ಸಂಗತಿ ಎಂದು ಅವಳಿಗೆ ಅರ್ಥವಾಗಿದ್ದೇ ಆಗ.

"ಹೇಗೆ ನಂಬ್ತೀರೋ ನನಗೆ ಗೊತ್ತಿಲ್ಲ," ಎಂದಳು ಅಳುತ್ತಾ. "ತೋರಿಸೋಕೆ ನನ್ನ ಹತ್ರ ಏನೂ ಇಲ್ಲ. ಅನುಮಾನ ಪಡೋದು ನನ್ನ ಕೆಟ್ಟ ಬುದ್ಧಿ, ಒಂದೇ ದಿನಕ್ಕೆ ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ಅನುಮಾನ ಬಂದಾಗ ನಿಮ್ಮನ್ನೇ ಬಂದು ಕೇಳ್ತೀನಿ, ನಿಮ್ಮ ಬೆನ್ನ ಹಿಂದೆ ಇನ್ನೊಬ್ಬರಿಗೆ ಹೇಳಲ್ಲ. ನೀವು ಹೇಳಿದ್ದನ್ನ ನಂಬ್ತೀನಿ. ಯಾಕಂದ್ರೆ... ನೀವಂದ್ರೆ ನನಗೆ ಪ್ರಾಣ. ಅಷ್ಟೇ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು."

ಹೇಳಿ ಮುಖ ಮುಚ್ಚಿಕೊಂಡಳು. ವ್ಯಾನಿನ ಬಾಗಿಲು ಗಾಳಿಗೆ ಕಿರುಗುಟ್ಟಿತು. ಹೊರಟುಬಿಡಲೇ ಎಂದು ಒಂದು ಹೆಜ್ಜೆ ಹಿಂದಿಟ್ಟಳು.

"ಶರ್ವಾಣಿ."

'ಅವರೇ' ಇಲ್ಲ! ಅವಳು ಬೆರಳ ಸಂದಿಯಿಂದ ನೋಡಿದಳು. ಅವನು ಹತ್ತಿರ ಬಂದು ನಿಂತಿದ್ದ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ.

"ಇನ್ನೊಂದು ಸಲ ಹೇಳು."

"ಯಾವುದನ್ನ?"

"ಕೊನೇಗೆ ಹೇಳಿದ್ಯಲ್ಲ, ಅದನ್ನ."

"ಯಾಕೆ, ಸರಿಯಾಗಿ ಕೇಳಿಸ್ಲಿಲ್ವಾ?"

"ಚೆನ್ನಾಗೇ ಕೇಳಿಸ್ತು," ಎಂದ ತ್ರಿವಿಕ್ರಮ, ಅವಳ ಕೈಗಳನ್ನು ಮುಖದಿಂದ ಮೆಲ್ಲಗೆ ಬಿಡಿಸುತ್ತಾ. "ನಂಬ್ದೆ ಕೂಡ. ಸುಮ್ನೆ... ಇನ್ನೊಂದು ಸಲ ಬೇಕು."